ಬಟ್ಟೆಹಗ್ಗದ ಮೇಲಿನ ರಬ್ಬರ್ ಶೀಟು

ಪಂಜದ ಅಚ್ಚುತ ಗೌಡರಿಗೆ ಕರೆಂಟೆಂದರೆ ಪ್ರಾಣಭಯ. ಒಂದು ಬಲ್ಬು ಬದಲಿಸುವುದಕ್ಕೂ ಮೈನ್ ಆಫ್ ಮಾಡಿ, ಚಪ್ಪಲಿ ಮೆಟ್ಟಿ, ಕೈ ಒರೆಸಿಕೊಂಡು, ಕೊನೆಗೆ ಹೆಂಡತಿ ದಮಯಂತಿಯನ್ನೇ ಏಣಿ ಹತ್ತಿಸುವವರು ಅವರು.

ಇಂಥವರ ಬಚ್ಚಲಲ್ಲೇ ನಲ್ಲಿ ಮುಟ್ಟಿದರೆ ಜುಮ್ಮೆನ್ನತೊಡಗಿತು. ವಯರಿಂಗು ಅಪ್ಪನ ಕಾಲದ್ದು, ಗೀಸರ್ ಮಾತ್ರ ಇವರ ಕಾಲದ್ದು. ಎಲೆಕ್ಟ್ರಿಷಿಯನ್ ಅಸ್ಕರ್ ಬಂದು ನೋಡಿದ.

"ಗೀಸರಿನಲ್ಲಿ ನೀರು ಕಾಯಿಸುವ ಕಾಯಿಲು ಹೋಗಿದೆ ಅಚ್ಚುತಣ್ಣ. ನಿಮ್ಮ ಮನೆಗೆ ಅರ್ಥಿಂಗೂ ಸರಿ ಇಲ್ಲ. ಎರಡೂ ಸರಿಯಾಗುವವರೆಗೆ ಗೀಸರ್ ಹಾಕುದು ಬೇಡ."

ಕರೆಂಟು ಸೋರಿದರೆ ಕೂಡಲೇ ಬೀಳುವ ಒಂದು ಟ್ರಿಪ್ ಸ್ವಿಚ್ಚನ್ನೂ ಕೂರಿಸಿ ಹೋದ. ಅದು ಬಹಳ ಪ್ರಾಮಾಣಿಕ ಸ್ವಿಚ್ಚು. ಗೌಡರು ಗೀಸರ್ ಹಾಕಿದಾಗಲೆಲ್ಲ ಟಪ್ಪೆಂದು ಬಿದ್ದು ಟೀವಿಯನ್ನೂ ಆರಿಸುತ್ತಿತ್ತು. ನಾಲ್ಕು ದಿನ ತಣ್ಣೀರು ಮಿಂದ ಗೌಡರು ಐದನೆಯ ದಿನ ಬೇರೊಬ್ಬನನ್ನು ಕರೆಸಿ, ಆ ಸ್ವಿಚ್ಚನ್ನು ಬಿಟ್ಟು ಗೀಸರಿಗೆ ನೇರ ಕರೆಂಟು ಕೊಡಿಸಿದರು. ಹೆಂಡತಿಗೆ, "ಎಲ್ಲ ಸರಿಯಾಯ್ತು" ಎಂದರು.

ಆದರೂ ಹೆದರಿಕೆ ಹೋಗಬೇಕಲ್ಲ! ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ ಎಂದು ಶಾಲೆಯಲ್ಲಿ ಕಲಿತದ್ದೊಂದು ನೆನಪಿತ್ತು. ಶೀಟು ಒಣಗಿಸುವ ಹೊಗೆಗೂಡಿನಿಂದ ತಮ್ಮದೇ ತೋಟದ ರಬ್ಬರ್ ಶೀಟೊಂದನ್ನು ತಂದು ಬಚ್ಚಲಲ್ಲಿ ಹಾಸಿದರು.

"ಈ ನಾತದ್ದು ಇಲ್ಲಿ ಎಂತಕ್ಕೆ?" ಎಂದು ಕೇಳಿದಳು ದಮಯಂತಿ.

"ಜಾರಬಾರದಲ್ಲ, ಅದಕ್ಕೆ."

ಒಂದು ಭಾನುವಾರ ಬೆಳಿಗ್ಗೆ ಗೌಡರು ಜಗಲಿಯಲ್ಲಿ ಚಾ ಕುಡಿಯುತ್ತ ಅಂಗಳ ನೋಡಿದರು. ಬಟ್ಟೆಹಗ್ಗದ ಮೇಲೆ, ಅವರದೇ ಎರಡು ಅಂಗಿಗಳ ನಡುವೆ, ತೊಳೆದ ರಬ್ಬರ್ ಶೀಟು ನೀರು ತೊಟ್ಟಿಕ್ಕಿಸುತ್ತ ನೇತಾಡುತ್ತಿತ್ತು. ಬಚ್ಚಲ ಹೊರಗೆ ಗೀಸರಿನ ಕೆಂಪು ದೀಪ ಉರಿಯುತ್ತಿತ್ತು. ಒಳಗೆ ನೀರಿನ ಸದ್ದು.

"ದಮಯಂತೀ, ನಲ್ಲಿ ಮುಟ್ಟಬೇಡ!" ಎಂದು ಕೂಗಲು ಹೋದರು, ಗಂಟಲಿನಿಂದ ಕೋಳಿಯ ಸ್ವರ ಬಂತು. ಅಷ್ಟರಲ್ಲಿ ಒಳಗೆ ಚೆಂಬು ಢಣಾರನೆ ಬಿತ್ತು. ಆಮೇಲೆ ಸದ್ದೇ ಇಲ್ಲ.

ಚಪ್ಪಲಿಯೂ ನೆನಪಾಗದೆ ಬರಿಗಾಲಲ್ಲಿ ಓಡಿ ಮೈನ್ ಎಳೆದರು. ಬಂದು ಬಾಗಿಲು ಗುದ್ದಿದರು. ಮತ್ತೆ ಗುದ್ದಿದರು. ಜಾರಬಾರದಲ್ಲ, ಜಾರಬಾರದಲ್ಲ ಎಂಬ ತಮ್ಮದೇ ಮಾತು ಕಿವಿಯಲ್ಲಿ ಬಡಿಯುತ್ತಿತ್ತು. ಭುಜ ಕೊಟ್ಟು ಬಾಗಿಲು ಮುರಿಯಲು ಹಿಂದೆ ಸರಿದಾಗ ಚಿಲಕ ಸರಿಯಿತು.

ತಲೆ ತುಂಬ ನೊರೆ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ದಮಯಂತಿ ನಿಂತಿದ್ದಳು. ತುಟಿ ಬಿಳಿಚಿತ್ತು. "ನಲ್ಲಿ ಹಿಡಿದದ್ದು... ಯಾರೋ ಕೈಯನ್ನೇ ಕಿತ್ತ ಹಾಗಾಯ್ತು. ಸ್ವರವೇ ಬರ್ಲಿಲ್ಲ ಮಾರಾಯ್ರೆ."

ಗೌಡರು ಸ್ವಿಚ್ಚಿನದ್ದೂ ಶೀಟಿನದ್ದೂ ಎಲ್ಲ ಹೇಳಿಬಿಟ್ಟರು. ಅವಳು, "ಜಾರಬಾರದಂತ ಹಾಕಿದ್ದು, ಅಲ್ವಾ?" ಎಂದಳಷ್ಟೆ. ಆಮೇಲೆ ತಾನೇ ಅಸ್ಕರನಿಗೆ ಫೋನು ಮಾಡಿದಳು.

ಅಸ್ಕರ್ ಮೊದಲು ಗೀಸರನ್ನು ಬಿಚ್ಚಿ ಅಂಗಳಕ್ಕಿಟ್ಟ. "ಒದ್ದೆ ಶೀಟಲ್ಲಿ ನಿಂತು ಗೋಡೆಗೆ ಕೈ ಕೊಟ್ರೆ ನಿಮ್ಮ ರಬ್ಬರ್ ಎಂತ ಮಾಡ್ತದೆ ಅಚ್ಚುತಣ್ಣ? ನೀವೂ ಇಷ್ಟು ದಿನ ಬದುಕಿದ್ದೇ ದೊಡ್ಡದು."

ಅರ್ಥಿಂಗಿನ ಗುಂಡಿಯನ್ನು ಗೌಡರೇ ತೋಡಿದರು. ಬಚ್ಚಲ ವಯರು ಹೊಸದಾಯಿತು, ಗೀಸರ್ ಹೊಸದಾಯಿತು, ಟ್ರಿಪ್ ಸ್ವಿಚ್ಚು ಮರಳಿ ಕೆಲಸಕ್ಕೆ ಹಾಜರಾಯಿತು. ಆದರೂ ದಮಯಂತಿ ಮೀಯಲು ಹೋದರೆ ಗೌಡರ ಚಾ ತಣ್ಣಗಾಗುತ್ತದೆ. ಬಾಗಿಲ ಹೊರಗೆ ನಿಂತು ಕರೆಯುತ್ತಾರೆ:

"ದಮಯಂತೀ?"

"ಇದ್ದೇನೆ ಮಾರಾಯ್ರೆ, ಇದ್ದೇನೆ!"