ಎರಡು ರಿಮೋಟಿನ ಗೇಮ್ ಸೆಟ್ಟು

ಗೇಮ್ ಸೆಟ್ಟು ಕೊಳ್ಳುವುದಕ್ಕೆ ಕಾರಣ ಬೇಕಂತೆ. ನನ್ನ ಗಂಡ ಮನೆಯಲ್ಲಿ ಸ್ಕೂಟರ್ ಇರುವಾಗಲೇ ದೊಡ್ಡ ಬೈಕ್ ತಂದು ನಿಲ್ಲಿಸಿದಾಗ ಯಾರೂ ಕಾರಣ ಕೇಳಲಿಲ್ಲ. ನಾನು ಸೀರೆ ಕೊಂಡರೂ ಕೇಳುವುದಿಲ್ಲ. ಬೀರುವಿನಲ್ಲಿ ಮಡಿಕೆ ಬಿಚ್ಚದ ಸೀರೆಗಳು ಎಷ್ಟಿದ್ದರೂ ಇನ್ನೊಂದಕ್ಕೆ ಜಾಗವಿದೆ. ಆದರೆ ನಲವತ್ತನಾಲ್ಕು ವರ್ಷದ ಹೆಂಗಸು, ಅದೂ ದಿನಾ ತುಮಕೂರಿನಿಂದ ಹೆಬ್ಬೂರಿಗೆ ಬಸ್ಸಿನಲ್ಲಿ ಹೋಗಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಮೇಷ್ಟ್ರಮ್ಮ, ಟೀವಿಗೆ ಜೋಡಿಸಿ ಆಡುವ ಗೇಮ್ ಸೆಟ್ಟು ಬೇಕು ಅಂದಳೋ, ಮನೆಮಂದಿಯೆಲ್ಲ ವಕೀಲರಾಗಿಬಿಡುತ್ತಾರೆ.

"ಮಗಳಿಗೆ ತಾನೆ?" ಅಂದರು ನನ್ನ ಗಂಡ.

"ಅಲ್ಲ ರೀ, ನನಗೆ."

"ನಿನಗ್ಯಾಕೆ?"

ನೋಡಿ, ಈ "ಯಾಕೆ" ಇದೆಯಲ್ಲ, ಅದನ್ನು ಕೇಳಿದರೆ ನನಗೆ ಉರಿದು ಹೋಗುತ್ತದೆ. ಆದರೂ ಸಮಾಧಾನವಾಗಿಯೇ ಹೇಳಿದೆ. ನಾನು ನೋಡಿಟ್ಟಿರುವ ಸೆಟ್ಟನ್ನು ಟೀವಿಗೂ ಹಾಕಬಹುದು, ಕೈಯಲ್ಲೂ ಹಿಡಿದು ಆಡಬಹುದು, ಬ್ಯಾಗಿನಲ್ಲಿ ಟಿಫನ್ ಬಾಕ್ಸ್ ಪಕ್ಕ ಕೂರುತ್ತದೆ. ಕರೆಂಟ್ ಹೋದರೂ ಸ್ವಲ್ಪ ಹೊತ್ತು ಆಡಬಹುದು, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪೆಟ್ಟಿಗೆ ಒಡೆದ ತಕ್ಷಣ ಅದರೊಳಗೆ ಎರಡು ರಿಮೋಟ್ ಇರುತ್ತವೆ. ಬೇರೆ ಸೆಟ್ಟುಗಳಲ್ಲಿ ಒಂದೇ ಕೊಡುತ್ತಾರೆ, ಎರಡನೆಯದನ್ನು ಬೇರೆಯಾಗಿ ಕೊಳ್ಳಬೇಕು.

"ನೀನೊಬ್ಳೇ ಆಡೋಕೆ ಎರಡು ಯಾಕೆ?" ಅಂದರು. ಮತ್ತೆ ಯಾಕೆ! ನಾನು ಕುಕ್ಕರ್ ಇಡಲು ಎದ್ದು ಹೋದೆ.

ಅದೇ ವಾರ ಕುಣಿಗಲ್ಲಿನಿಂದ ಅಣ್ಣ ಫೋನ್ ಮಾಡಿದ. ಗೌರಿ ಹಬ್ಬ ಹತ್ತಿರವಿತ್ತು. ಪ್ರತಿ ವರ್ಷ ತವರಿನ ಬಾಗಿನ ತರುವವನು ಅವನೇ. ಮೊರದ ತುಂಬ ಬಳೆ, ಬೇಳೆ, ಬೆಲ್ಲ, ಅರಿಶಿನ ಕುಂಕುಮ, ಮೇಲೊಂದು ಸೀರೆ. ಯಾವ ಬಣ್ಣ ತರಲಿ ಎಂದು ಕೇಳಲು ಮಾಡಿದ ಫೋನು ಅದು.

"ಸೀರೆ ಬೇಡ ಕಣೋ. ಈ ಸಲ ಗೇಮ್ ಸೆಟ್ಟು ತಂದ್ಕೊಡು."

ಅವನು ನಕ್ಕ ನಗುವಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಮೊರದಲ್ಲಿ ಗೇಮ್ ಇಟ್ಕೊಂಡು ಬರ್ಲೇನೇ? ತಲೆಗಿಲೆ ಕೆಟ್ಟೈತಾ ನಿಂಗೆ?" ಅಂದ. ಅವನ ಜೊತೆಯಲ್ಲೇ ಇರುವ ಅಮ್ಮ ಫೋನ್ ಕಿತ್ತುಕೊಂಡಳು.

"ತವರಿನ ಸೀರೆ ಬೇಡ ಅನ್ಬಾರ್ದು ಕಣೇ. ಅದೂ ಗೌರಿ ಹಬ್ಬದಲ್ಲಿ. ಬುಡ್ತು ಅನ್ನು."

"ಬುಡ್ತು," ಅಂದೆ. ಅನ್ನದಿದ್ದರೆ ಅಮ್ಮ ಫೋನ್ ಇಡುವವಳಲ್ಲ. ಆದರೆ ಫೋನ್ ಇಟ್ಟ ಮೇಲೆ ಕೋಪ ಇಳಿಯಲಿಲ್ಲ. ಆ ಕೋಪ ಗುಬ್ಬಿಯ ಮನೆಯದು, ಮೂವತ್ತು ವರ್ಷಕ್ಕಿಂತ ಹಳೆಯದು.

ಗುಬ್ಬಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಾಲಿನಲ್ಲಿ ಟೀವಿ ಇತ್ತು. ಅದಕ್ಕೆ ಅಮ್ಮನೇ ಕ್ರೋಶಾ ಹಾಕಿ ಮಾಡಿದ ಬಿಳಿ ಹೊದಿಕೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ, ಅಣ್ಣ ಹತ್ತನೇ ಕ್ಲಾಸಿನಲ್ಲಿ ಫಸ್ಟ್ ಕ್ಲಾಸ್ ಬಂದ ಎಂದು ಅಪ್ಪ ಅವನಿಗೆ ಟೀವಿ ಗೇಮ್ ತಂದುಕೊಟ್ಟರು. ಕ್ಯಾಸೆಟ್ ಹಾಕುವ ಸೆಟ್ಟು. ಓಡದಿದ್ದರೆ ಕ್ಯಾಸೆಟ್ ತೆಗೆದು ಬಾಯಲ್ಲಿ ಉಫ್ ಎಂದು ಊದಿ ಮತ್ತೆ ಹಾಕುತ್ತಿದ್ದೆವು. ಅದಕ್ಕೂ ಎರಡು ರಿಮೋಟ್, ಉದ್ದ ವೈರಿನವು.

ನಂಗೂ, ನಂಗೂ ಎಂದು ಎರಡು ದಿನ ಅತ್ತಿರಬೇಕು. ಮೂರನೆಯ ದಿನ ಅಣ್ಣ ಎರಡನೆಯ ರಿಮೋಟನ್ನು ನನ್ನ ಕೈಗಿಟ್ಟ. ಕಾರ್ ರೇಸ್ ಹಾಕಿ, "ಕೆಂಪು ಕಾರು ನಂದು, ನೀಲಿ ಕಾರು ನಿಂದು" ಅಂದ. ಅಯ್ಯೋ, ಆ ದಿನದ ನನ್ನ ಸಂಭ್ರಮ! ತಿರುವು ಬಂದರೆ ನಾನೂ ಮೈ ವಾಲಿಸುತ್ತಿದ್ದೆ. ಹೆಬ್ಬೆರಳು ಕೆಂಪಾಗುವಷ್ಟು ಗುಂಡಿ ಒತ್ತುತ್ತಿದ್ದೆ. ನೀಲಿ ಕಾರು ಕೆಲವೊಮ್ಮೆ ಗೆದ್ದೂಬಿಡುತ್ತಿತ್ತು. ಮಾರನೇ ದಿನ ಸ್ಕೂಲಿನಲ್ಲಿ ಅಣ್ಣನನ್ನೇ ಸೋಲಿಸಿದೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಆಟದ ಮಧ್ಯೆ ಬಾಯಾರಿತು. ರಿಮೋಟನ್ನು ಚಾಪೆಯ ಮೇಲಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ನೀಲಿ ಕಾರು ನಾನಿಲ್ಲದೆಯೂ ತನ್ನ ಪಾಡಿಗೆ ತಾನು ಓಡುತ್ತಿತ್ತು. ತಿರುವುಗಳಲ್ಲಿ ಸರಿಯಾಗಿ ತಿರುಗುತ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿರುವಾಗಲೇ ಗೆದ್ದಿತು. ಅಣ್ಣ ಟೀವಿಯಿಂದ ಕಣ್ಣು ತೆಗೆಯದೆ "ಗೆದ್ದೆ ಕಣೇ ನೀನು!" ಎಂದು ಕೂಗಿದ.

ಆಮೇಲೆ ಅವನು ಹೊರಗೆ ಹೋದಾಗ ಆ ವೈರನ್ನು ಹಿಡಿದು ಅದರ ತುದಿ ಹುಡುಕಿಕೊಂಡು ಹೋದೆ. ಪಿನ್ನು ಸೆಟ್ಟಿನಲ್ಲಿರಲಿಲ್ಲ. ಟೀವಿ ಹೊದಿಕೆಯ ಕೆಳಗೆ, ಕ್ರೋಶಾದ ತೂತಿಗೆ ಸಿಕ್ಕಿಸಿಟ್ಟಿದ್ದ. ಇಷ್ಟು ದಿನ ನೀಲಿ ಕಾರನ್ನು ಓಡಿಸಿದ್ದು ಆ ಸೆಟ್ಟೇ.

ನಾನು ಏನೂ ಹೇಳಲಿಲ್ಲ. ಅಳಲೂ ಇಲ್ಲ. ಅದಕ್ಕಿಂತ ನಾಚಿಕೆಯ ಮಾತು ಹೇಳುತ್ತೇನೆ ಕೇಳಿ: ಅದಾದ ಮೇಲೂ ಸೆಟ್ಟು ಕೆಟ್ಟುಹೋಗುವವರೆಗೆ, ಹತ್ತಿರ ಹತ್ತಿರ ಒಂದು ವರ್ಷ, ನಾನು ಆ ರಿಮೋಟ್ ಹಿಡಿದು ಕೂತೆ, ಗುಂಡಿ ಒತ್ತಿದೆ, ಮೈ ವಾಲಿಸಿದೆ. ಎಲ್ಲಾ ಗೊತ್ತಿದ್ದೂ.

ಇಷ್ಟೇ ನನ್ನ ಕಾರಣ. ಇದನ್ನು ಯಾರಿಗೆ ಹೇಳಲಿ? ಹಬ್ಬಕ್ಕೆ ಮೂರು ದಿನ ಇರುವಾಗ ಸ್ಕೂಲು ಮುಗಿಸಿಕೊಂಡು ನೇರ ತುಮಕೂರಿನ ಅಂಗಡಿಗೆ ಹೋದೆ. ಅಂಗಡಿಯವನು ಸೆಟ್ಟನ್ನು ತೋರಿಸುತ್ತಾ, "ಮಗ ಎಷ್ಟನೇ ಕ್ಲಾಸು ಮೇಡಂ?" ಅಂದ.

"ನಾನಪ್ಪ ಆಡೋಳು. ನಲವತ್ತನಾಲ್ಕನೇ ಕ್ಲಾಸು."

ಅವನು ತಬ್ಬಿಬ್ಬಾಗಿ ಬಿಲ್ ಬರೆದ. ಮನೆಗೆ ತಂದು ಗಂಡನ ಎದುರೇ ಪೆಟ್ಟಿಗೆ ಒಡೆದೆ. "ಯಾಕೆ ಅಂತ ಕೇಳಿದ್ರೆ ನೋಡಿ ಮತ್ತೆ," ಅಂದೆ. ಅವರು ಕೇಳಲಿಲ್ಲ. ಟೀವಿಯ ಹಿಂದೆ ಬಗ್ಗಿ ವೈರ್ ಹಾಕಿಕೊಟ್ಟು ಕಾಫಿ ಕೇಳಿದರು.

ಹಬ್ಬದ ದಿನ ಅಣ್ಣ ಬಂದ. ಬಾಗಿನ ಕೊಟ್ಟ, ಸೀರೆ ಕೊಟ್ಟ. ನೀಲಿ ಬಣ್ಣದ್ದೇ! ಅರಿಶಿನ ಕುಂಕುಮ ಹಚ್ಚಿ ಇಟ್ಟುಕೊಂಡೆ, ಸೀರೆಯದೇನು ತಪ್ಪು? ಒಬ್ಬಟ್ಟಿನ ಊಟ ಮುಗಿಸಿ ಹಾಲಿಗೆ ಬಂದವನು ಟೀವಿಯ ಪಕ್ಕದಲ್ಲಿದ್ದ ಸೆಟ್ಟನ್ನು ನೋಡಿ, "ತಗೊಂಡೇಬಿಟ್ಯಾ!" ಎಂದು ಕೂತ. ಕೂತವನೇ ಮುಂದಿದ್ದ ರಿಮೋಟಿಗೆ ಕೈ ಹಾಕಿದ.

"ಅದು ನಂದು," ಅಂದೆ. ಇನ್ನೊಂದನ್ನು ಕೊಟ್ಟೆ. "ಕೆಂಪು ಕಾರು ನಂದು. ಹಸಿರು ಕಾರು ನಿಂದು."

ಈಗಿನ ರಿಮೋಟುಗಳಿಗೆ ವೈರಿಲ್ಲ. ಸೆಟ್ಟಿಗೆ ಪರಿಚಯ ಮಾಡಿಸಿದರೆ ಮಾತ್ರ ಕೆಲಸ ಮಾಡುತ್ತವೆ. ಅವನ ರಿಮೋಟನ್ನು ನಾನು ಬೇಕಂತಲೇ ಪರಿಚಯ ಮಾಡಿಸಿರಲಿಲ್ಲ.

ಅಣ್ಣ ಆಡಿದ. ಐವತ್ತರ ಹತ್ತಿರದ, ಕುಣಿಗಲ್ಲಿನಲ್ಲಿ ಟೈಲ್ಸ್ ಅಂಗಡಿ ನಡೆಸುವ ಮನುಷ್ಯ, ತಿರುವು ಬಂದಾಗೆಲ್ಲ ಸೋಫಾದಲ್ಲಿ ವಾಲಿದ. "ಹೋಗ್ಲಾ, ಹೋಗ್ಲಾ!" ಎಂದು ಹಸಿರು ಕಾರನ್ನು ಹುರಿದುಂಬಿಸಿದ. ಹಸಿರು ಕಾರು ಎರಡನೆಯದಾಗಿ ಬಂತು, ನನ್ನ ಕೆಂಪು ಕಾರು ಗೋಡೆಗೆ ಗುದ್ದಿ ಕೊನೆಗೆ ಉಳಿಯಿತು. "ನೋಡಿದ್ಯಾ? ಇನ್ನೂ ಕೈ ಮರ್ತಿಲ್ಲ ನಿಮ್ಮಣ್ಣ," ಅಂದ. ಒಳಗೊಳಗೇ ನನಗೆ ಎಂಥ ಖುಷಿ ಅಂತೀರಿ!

ಎರಡನೆಯ ಆಟ ಶುರುವಾದ ಮೇಲೆ, "ಅಣ್ಣ, ಒಬ್ಬಟ್ಟು ತಿಂದು ಬಾಯಾರಿರುತ್ತೆ, ಹೋಗಿ ನೀರು ಕುಡ್ಕೊಂಡು ಬಾ" ಅಂದೆ.

"ಆಟ ನಡೀತೈತಲ್ಲೇ."

"ಹೋಗೋ. ನಿನ್ನ ಕಾರು ಎಲ್ಲೂ ಹೋಗಲ್ಲ."

ಹೋದ. ನೀರಿನ ಲೋಟ ಹಿಡಿದು ಬಾಗಿಲಿಗೆ ಬಂದವನು ಅಲ್ಲೇ ನಿಂತ. ಹಸಿರು ಕಾರು ಚೆನ್ನಾಗಿ ಓಡುತ್ತಿತ್ತು. ಅವನು ಸೋಫಾದ ಮೇಲಿದ್ದ ತನ್ನ ರಿಮೋಟನ್ನು ನೋಡಿದ, ಟೀವಿಯನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. ಅವನ ಮುಖದ ನಗು ನಿಧಾನವಾಗಿ ಹೋಯಿತು.

"ನಿಂಗೆ ಗೊತ್ತಿತ್ತಾ?"

"ಆವತ್ತೇ ಗೊತ್ತಾಯ್ತು. ನೀರು ಕುಡಿಯೋಕೆ ಹೋದಾಗ."

"ಮೊದ್ಲು ಪಿನ್ ಹಾಕೇ ಕೊಡಾನ ಅಂತಿದ್ದೆ ಕಣೇ. ಅಪ್ಪನೇ ಅವ್ಳು ಮುಟ್ಟಿದ್ರೆ ಕೆಡುತ್ತೆ ಅಂದಿದ್ರು. ನೀನು ಅಳ್ತಿದ್ದೆ, ಅದ್ಕೆ..." ಅಂದ. ಆಮೇಲೆ, "ಗೊತ್ತಾದ್ಮೇಲೆ ಹೇಳ್ಬೋದಿತ್ತಲ್ಲ?" ಅಂದ.

"ಹೇಳಿದ್ರೆ ಆ ರಿಮೋಟೂ ಕಿತ್ಕೊಂಡಿರ್ತಿದ್ರಿ ಅಪ್ಪ ಮಗ ಸೇರ್ಕೊಂಡು."

ಅವನು ಲೋಟ ಕೆಳಗಿಟ್ಟು ಬಂದು ಪಕ್ಕದಲ್ಲಿ ಕೂತ. ಸಾರಿ ಅನ್ನುವ ಜಾಯಮಾನ ಅವನದಲ್ಲ, ನಮ್ಮ ಮನೆಯಲ್ಲಿ ಯಾರದೂ ಅಲ್ಲ. ರಿಮೋಟನ್ನು ನನ್ನ ಕಡೆ ಚಾಚಿ, "ಸರಿ ಮಾಡ್ಕೊಡು ಮತ್ತೆ," ಅಂದ. ಪರಿಚಯ ಮಾಡಿಸಿದೆ. ರಿಮೋಟಿನ ಅಂಚಿನಲ್ಲಿ ಪುಟ್ಟ ದೀಪ ಹತ್ತಿತು. ಇಬ್ಬರೂ ಆಡಿದೆವು.

ಸೋತೆ. ಮತ್ತೆ ಸೋತೆ. ಒಂದು ಸಲ ನೆಟ್ಟಗೆ ನೀರಿಗೇ ಬಿದ್ದೆ. ನನಗೆ ಮಣ್ಣು ಮುಕ್ಕಿಸಿದ ಅಣ್ಣ, ಒಂದು ಆಟವನ್ನೂ ಬಿಟ್ಟುಕೊಡಲಿಲ್ಲ. ಅಡುಗೆಮನೆ ಒರೆಸುತ್ತಿದ್ದ ನನ್ನ ಗಂಡ ಇಣುಕಿ, "ಬರೀ ಸೋಲೋಕಾ ಇಷ್ಟೆಲ್ಲ ಹಟ ಮಾಡಿ ತಂದಿದ್ದು?" ಅಂದರು.

ಹೌದು ರೀ. ಅದಕ್ಕೇ ತಂದಿದ್ದು. ಗುಬ್ಬಿಯ ಆ ನೀಲಿ ಕಾರು ಎಷ್ಟು ಸಲ ಗೆದ್ದಿತ್ತು, ಅದರಲ್ಲಿ ಒಂದೂ ನನ್ನದಲ್ಲ. ಈ ನೀರಿಗೆ ಬಿದ್ದವಳು ನಾನೇ. ನನ್ನ ಹೆಬ್ಬೆರಳು ಒತ್ತಿದ್ದಕ್ಕೇ ಬಿದ್ದಿದ್ದು.

"ಇನ್ನೊಂದಾಟ ಹಾಕೋ," ಅಂದೆ ಅಣ್ಣನಿಗೆ.