ಆರನೆಯ ಚಿತ್ರದ ಕೆಳಗೆ

ನಿಮ್ಮ ಮಗು ಕಳೆದ ಸಲ ಮಂಡಿಯೂರಿದ್ದು ಯಾರ ಎದುರು? ದೇವರ ಎದುರು ಎಂದು ಥಟ್ಟನೆ ಉತ್ತರಿಸಬೇಡಿ. ಮೊದಲು ಮಗುವನ್ನು ಕೇಳಿ. ಕೇಳಲು ಮನಸ್ಸಿಲ್ಲದವರು ಇಲ್ಲಿಗೇ ಓದು ನಿಲ್ಲಿಸಿದರೂ ನನಗೆ ಬೇಸರವಿಲ್ಲ. ಯಾರನ್ನೂ ಸಮಾಧಾನಪಡಿಸಲು ನಾನು ಇದನ್ನು ಬರೆಯುತ್ತಿಲ್ಲ.

ನಾನು ಶಿವಮೊಗ್ಗದ ರವೀಂದ್ರನಗರದವಳು. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಸರಿಯಾದ ವಾದವನ್ನು ಸರಿಯಾದ ಕ್ರಮದಲ್ಲಿ ಮಂಡಿಸಿದರೆ ಎದುರಾಳಿ ಒಪ್ಪದಿದ್ದರೂ ಸಭೆ ಒಪ್ಪುತ್ತದೆ ಎಂಬ ನಂಬಿಕೆ ನನಗೆ ಅಲ್ಲಿಂದ ಬಂದದ್ದು. ಆ ನಂಬಿಕೆಯನ್ನು ಹೊತ್ತುಕೊಂಡೇ ಹೋದ ವರ್ಷ ತಪಸ್ಸು ಕಾಲದ ಶುಕ್ರವಾರಗಳಂದು ಭದ್ರಾವತಿಯ ಬಸ್ಸು ಹತ್ತುತ್ತಿದ್ದೆ. ಬೂದಿ ಬುಧವಾರ ಹಣೆಗೆ ಬೂದಿ ಇಟ್ಟುಕೊಂಡಲ್ಲಿಂದ ಈಸ್ಟರ್ ಹಬ್ಬದವರೆಗಿನ ದಿನಗಳು ನಮ್ಮ ಕ್ರೈಸ್ತರಿಗೆ ಉಪವಾಸದ, ಪ್ರಾರ್ಥನೆಯ, ತನ್ನನ್ನು ತಾನು ತಿದ್ದಿಕೊಳ್ಳುವ ಕಾಲ. ಅಲ್ಲಿನ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿಯಾದ ಸಿಸ್ಟರ್, ಏಳನೆಯ ತರಗತಿಯ ಕ್ರೈಸ್ತ ಮಕ್ಕಳಿಗೆ ಈ ಕಾಲದ ಅರ್ಥ ತಿಳಿಸಿಕೊಡಬೇಕೆಂದು ನನ್ನನ್ನು ಕೇಳಿದ್ದರು. 'ಮಕ್ಕಳು ಹೊಸಬರಾಗಬೇಕು' ಎಂಬುದು ಅವರ ಮಾತು. ನಾನು ಹಿಗ್ಗಿ ಒಪ್ಪಿದೆ.

ಮೊದಲ ಶುಕ್ರವಾರದ ಕೊನೆಯ ಪಿರಿಯಡ್. ಹೆಚ್ಚಿನವರು ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಕಡೆಯ ಮಕ್ಕಳು. ಒಂದೇ ಬೆಂಚಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕೇಳಿಸುತ್ತಿದ್ದವು. ತರಗತಿಯ ಟೀಚರ್ ಹಿಂದಿನ ಬೆಂಚಿನಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಈ ತಪಸ್ಸು ಕಾಲದಲ್ಲಿ ನೀವು ಏನನ್ನು ಬಿಡುತ್ತೀರಿ ಎಂದು ಮಕ್ಕಳನ್ನು ಕೇಳಿದೆ.

"ಚಾಕೊಲೇಟ್, ಮಿಸ್."

"ಮೊಬೈಲ್ ಗೇಮ್, ಮಿಸ್."

"ನಾನು ಚಿಕನ್ ಬಿಡ್ತೀನಿ. ಆದ್ರೆ ಮೀನು ತಿಂತೀನಿ."

"ಮೀನೇನು ಗಿಡದಲ್ಲಿ ಬಿಡತ್ತೇನೋ?" ಎಂದ ಪಕ್ಕದವನು.

"ನಾನು ಮ್ಯಾಥ್ಸ್ ಟ್ಯೂಷನ್ ಬಿಡ್ತೀನಿ, ಮಿಸ್. ತುಂಬ ಕಷ್ಟದ ತ್ಯಾಗ."

ನಗು ಇಳಿಯುವ ಮೊದಲೇ ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತಳು. "ನಾನು ಮಂಡಿ ಊರೋದು ಬಿಡ್ತೀನಿ, ಮಿಸ್."

ಮತ್ತೆ ನಗು. ಹಿಂದಿನಿಂದ ಟೀಚರ್ ತಲೆ ಎತ್ತದೆಯೇ ಹೇಳಿದರು: "ಹಂಗಾದ್ರೆ ಲೇಟಾಗಿ ಬರೋದು ಬಿಡು ಮಾರಾಯ್ತಿ. ಅದನ್ನ ಬಿಟ್ರೆ ಇದು ತಾನಾಗೇ ಬಿಟ್ಟೋಗತ್ತೆ."

ಈ ಸಲ ನಗು ಇನ್ನೂ ಜೋರಾಗಿತ್ತು. ಹುಡುಗಿ ಮಾತ್ರ ನಗದೆ ಕುಳಿತುಕೊಂಡಳು.

ಬೆಲ್ ಹೊಡೆದ ಮೇಲೆ ಅವಳೇ ನನ್ನನ್ನು ಕಾರಿಡಾರಿಗೆ ಕರೆದುಕೊಂಡು ಹೋದಳು. ಆ ಉದ್ದನೆಯ ಕಾರಿಡಾರಿನ ಗೋಡೆಯ ಮೇಲೆ ಶಿಲುಬೆ ಹಾದಿಯ ಚಿತ್ರಗಳಿವೆ: ಯೇಸು ಶಿಲುಬೆ ಹೊತ್ತು ನಡೆದ ಕೊನೆಯ ಪಯಣದ ಹದಿನಾಲ್ಕು ದೃಶ್ಯಗಳು. ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮಕ್ಕಳು ಒಂದೊಂದು ಚಿತ್ರದ ಮುಂದೂ ನಿಂತು, ಮಂಡಿಯೂರಿ, ಪ್ರಾರ್ಥಿಸಿ ಮುಂದಕ್ಕೆ ಹೋಗುತ್ತಾರೆ. ಉಳಿದ ದಿನಗಳಲ್ಲಿ ಅದೇ ಕಾರಿಡಾರಿನಲ್ಲಿ, ಅದೇ ಚಿತ್ರಗಳ ಕೆಳಗೆ, ತಡವಾಗಿ ಬಂದವರನ್ನೂ ಹೋಂವರ್ಕ್ ಮಾಡದವರನ್ನೂ ಮಂಡಿಯೂರಿಸಿ ಕೂರಿಸುತ್ತಾರೆ. ಮಕ್ಕಳ ಭಾಷೆಯಲ್ಲಿ ಅದು ನೀಲ್‌ಡೌನ್. ಅವಳ ಜಾಗ ಆರನೆಯ ಚಿತ್ರದ ಕೆಳಗೆ. ದಾರಿಬದಿಯ ಹೆಂಗಸೊಬ್ಬಳು ಗುಂಪನ್ನು ಸೀಳಿಕೊಂಡು ಬಂದು, ತನ್ನ ಬಟ್ಟೆಯಿಂದ ಯೇಸುವಿನ ಮುಖ ಒರೆಸುವ ಚಿತ್ರ ಅದು.

"ಈ ಹೆಂಗಸಿಗೆ ಎಡಗೈ ಹೆಬ್ಬೆಟ್ಟೇ ಬರೆದಿಲ್ಲ, ನೋಡಿ ಮಿಸ್" ಎಂದಳು. "ಯಾರಿಗೂ ಗೊತ್ತಿಲ್ಲ. ನಂಗೆ ಗೊತ್ತು."

ಮುಂಜಾನೆಯ ಪಾಳಿಗೆಂದು ಅವಳ ಅಮ್ಮ ಬೇಗ ಮನೆ ಬಿಡುತ್ತಾರೆ. ನರ್ಸಿಂಗ್ ಹೋಮ್ ಒಂದರಲ್ಲಿ ಆಯಾ. ಪುಟ್ಟ ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬರುವುದು ಇವಳ ಪಾಲಿನ ಕೆಲಸ. ಅಂಗನವಾಡಿಯ ಬಾಗಿಲು ತೆರೆಯುವ ಹೊತ್ತಿಗೆ ಶಾಲೆಯ ಗೇಟು ಮುಚ್ಚಿರುತ್ತದೆ. ಇದರಲ್ಲಿ ಅವಳು ಮಾಡಿದ ಪಾಪ ಯಾವುದೆಂದು ನನಗೆ ಯಾರಾದರೂ ತಿಳಿಸಿಕೊಡಬೇಕು.

"ಶುಕ್ರವಾರ ಇಲ್ಲೇ ಮಂಡಿ ಊರಿ ಪ್ರಾರ್ಥನೆ. ಮಿಕ್ಕಿದ ದಿನ ಇಲ್ಲೇ ಮಂಡಿ ಊರಿ ಶಿಕ್ಷೆ" ಎಂದಳು. "ಯಾವ್ದು ಯಾವ್ದು ಅಂತ ದೇವರಿಗೆ ಹೆಂಗೆ ಗೊತ್ತಾಗತ್ತೆ, ಮಿಸ್?"

ಎಷ್ಟೋ ವೇದಿಕೆಗಳಲ್ಲಿ ಎಷ್ಟೋ ತೀರ್ಪುಗಾರರು ನನಗೆ ಪ್ರಶ್ನೆ ಹಾಕಿದ್ದಾರೆ. ಇಷ್ಟು ಸ್ವಚ್ಛವಾದ ಪ್ರಶ್ನೆಯನ್ನು ಯಾರೂ ಹಾಕಿರಲಿಲ್ಲ.

ನೇರವಾಗಿ ಸಿಸ್ಟರ್ ಕೋಣೆಗೆ ಹೋದೆ. ವಾದವನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದೆ. ಒಂದೇ ಭಂಗಿಯನ್ನು ಅವಮಾನಕ್ಕೂ ಆರಾಧನೆಗೂ ಬಳಸಿದರೆ ಮಗು ಆರಾಧನೆಯನ್ನೇ ಅವಮಾನವೆಂದು ಕಲಿಯುತ್ತದೆ. ದೇಹದಂಡನೆಯನ್ನು ಕಾನೂನು ನಿಷೇಧಿಸಿದೆ. ಮಕ್ಕಳನ್ನು ಹೊಸಬರಾಗಿಸುವ ಮುನ್ನ ಶಾಲೆ ಹೊಸದಾಗಬೇಕು. ಎಲ್ಲವನ್ನೂ ಹೇಳಿದೆ. ಸಿಸ್ಟರ್ ಕೊನೆಯವರೆಗೂ ಕೇಳಿದರು. ಅವರು ಮೂರ್ಖರಲ್ಲ, ಕ್ರೂರಿಯೂ ಅಲ್ಲ. ಫೀಸು ಕಟ್ಟಲಾಗದ ಎಷ್ಟೋ ಮಕ್ಕಳನ್ನು ಅವರು ಸುಮ್ಮನೆ ಓದಿಸುತ್ತಿದ್ದುದು ಊರಿಗೇ ಗೊತ್ತು. ಅದಕ್ಕೇ ನನ್ನ ಸಿಟ್ಟು ಹೆಚ್ಚಾಯಿತು.

"ಚೆನ್ನಾಗಿ ಮಾತಾಡ್ತೀರಿ" ಎಂದರು. "ನೀವು ವಾರಕ್ಕೊಂದ್ಸಲ ಬಂದು ಹೋಗ್ತೀರಿ. ನಾನು ದಿನಾ ಇವರ ಜೊತೆ ಇರೋಳು. ಕೋಲು ಬಿಡಿ ಅಂದ್ರು, ಬಿಟ್ವಿ. ಬೈಬೇಡಿ ಅಂದ್ರು, ಬೈಯೋದು ಕಮ್ಮಿ ಮಾಡಿದ್ವಿ. ನೀಲ್‌ಡೌನೂ ಬೇಡ ಅಂದ್ರೆ ಲೇಟಾಗಿ ಬಂದೋರಿಗೆ ಏನು, ಗೇಟಲ್ಲಿ ಆರತಿ ಎತ್ತೋಣ್ವಾ?"

"ಅವಳು ಯಾಕೆ ಲೇಟು ಅಂತ ಕೇಳಿದ್ದೀರಾ, ಸಿಸ್ಟರ್?"

"ಒಬ್ಬೊಬ್ಬರಿಗೂ ಒಂದೊಂದು ಕಾರಣ ಇರತ್ತೆ ಮೇಡಂ. ಗೇಟು ಒಂದೇ ಅಲ್ವಾ?"

ಗೇಟು ಒಂದೇ ಆದದ್ದೇ ತಪ್ಪು ಎಂಬ ಉತ್ತರ ಹೊಳೆದದ್ದು ವಾಪಸು ಬರುವ ಬಸ್ಸಿನಲ್ಲಿ.

ಸಭೆಯಾದರೂ ಒಪ್ಪೀತೆಂದು ಪೋಷಕರ ಸಭೆಗೆ ಹೋದೆ. ಸಿಸ್ಟರ್ ನನಗೆ ಮಾತಾಡಲು ಅವಕಾಶ ಕೊಟ್ಟರು. ಕೊಟ್ಟದ್ದೇಕೆಂದು ಆಮೇಲೆ ತಿಳಿಯಿತು. ಅಲ್ಲಿ ಎಲ್ಲ ಮತದವರೂ ಇದ್ದರು. ಬೇರೆ ಯಾವ ಮಾತಿಗೂ ಒಂದಾಗದ ಅವರು ನನ್ನ ವಿರುದ್ಧ ಒಂದಾದರು.

"ಮೇಡಂ, ನಾವೂ ನೀಲ್‌ಡೌನ್ ಮಾಡ್ಕೊಂಡೇ ದೊಡ್ಡೋರಾಗಿದ್ದು. ಏನು ಕೆಟ್ಟೋಗಿದೀವಾ?" ಎಂದರು ಮುಂದಿನ ಸಾಲಿನ ಒಬ್ಬ ತಂದೆ.

"ನಮ್ಮೋನಿಗೆ ಇನ್ನೂ ಎರಡು ಕೊಡಿ ಅಂತ ನಾವೇ ಹೇಳಿದೀವಿ" ಎಂದರು ಒಬ್ಬ ತಾಯಿ. "ನಿಮಗೆ ಮಕ್ಕಳಿದಾವಾ?"

"ಇಲ್ಲ" ಎಂದೆ.

"ಅದಕ್ಕೇ ಮತ್ತೆ" ಎಂದು ಯಾರೋ ಹಿಂದಿನಿಂದ ಹೇಳಿದರು. ಇಡೀ ಸಭೆ ನಕ್ಕಿತು. ಸಿಸ್ಟರ್ ನಗಲಿಲ್ಲ, ನಗುವ ಅಗತ್ಯ ಅವರಿಗಿರಲಿಲ್ಲ.

ಆ ತಂದೆಗೆ ಅಂದು ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಹೌದು, ಕೆಟ್ಟಿದ್ದೀರಿ. ತಾಲ್ಲೂಕು ಕಚೇರಿಯಲ್ಲಿ ಖಾಲಿ ಕುರ್ಚಿ ಎದುರಿಗಿದ್ದರೂ ಗುಮಾಸ್ತರ ಮುಂದೆ ನಿಂತೇ ಇರುತ್ತೀರಿ. ಗಾಂಧಿ ಬಜಾರಿನ ಸಾಹುಕಾರ ಗದರಿದರೆ ನಿಮ್ಮದಲ್ಲದ ತಪ್ಪಿಗೂ ಹಲ್ಲುಗಿಂಜುತ್ತೀರಿ. ಆಮೇಲೆ ಮನೆಗೆ ಹೋಗಿ, ನಿಮಗಿಂತ ಚಿಕ್ಕವರು ಯಾರಿದ್ದಾರೆಂದು ಹುಡುಕುತ್ತೀರಿ. ನಿಮ್ಮ ಮಂಡಿಗೆ ಕಲಿಸಿದ್ದು ಶಿಸ್ತಲ್ಲ, ಎದುರಿಗಿರುವವರ ಎತ್ತರ ಅಳೆಯುವ ವಿದ್ಯೆ.

ಇಷ್ಟರಲ್ಲಿ ಹುಡುಗಿ ತನ್ನ ಮಾತನ್ನು ನಡೆಸಿಯೇ ಬಿಟ್ಟಿದ್ದಳು. ತಡವಾಗಿ ಬಂದ ದಿನ ಕಾರಿಡಾರಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದಳು. ಶುಕ್ರವಾರದ ಶಿಲುಬೆ ಹಾದಿಯಲ್ಲೂ ಎಲ್ಲರೂ ಮಂಡಿಯೂರಿದಾಗ ಅವಳೊಬ್ಬಳು ನಿಂತೇ ಇರುತ್ತಿದ್ದಳು. ಕೂಗಲಿಲ್ಲ, ಎದುರುತ್ತರ ಕೊಡಲಿಲ್ಲ. ಮೊದಲನೆಯದನ್ನು ಟೀಚರುಗಳು ಹೇಗೋ ಸಹಿಸಿದರು. ಎರಡನೆಯದು ಧರ್ಮದ ಪ್ರಶ್ನೆಯಾಯಿತು. ಕೊನೆಯ ಶುಕ್ರವಾರದ ಪ್ರಾರ್ಥನೆಗೆ ತಾಯಿ ಬರಬೇಕು, ಮಗಳು ಎಲ್ಲರ ಜೊತೆ ಮಂಡಿಯೂರಬೇಕು, ಇಲ್ಲವಾದರೆ ಟಿ.ಸಿ. ತೆಗೆದುಕೊಂಡು ಹೋಗಬೇಕು ಎಂದು ಸಿಸ್ಟರ್ ಹೇಳಿ ಕಳಿಸಿದರು. ಬೇರೆ ಶಾಲೆಯ ಫೀಸನ್ನು ಆ ತಾಯಿ ಕಟ್ಟಲಾರರೆಂಬುದು ಕಳಿಸಿದವರಿಗೂ ಗೊತ್ತಿತ್ತು, ಹುಡುಗಿಗೂ ಗೊತ್ತಿತ್ತು.

ಆ ದಿನ ಪ್ರಾರ್ಥನೆಗೆ ಮೊದಲು ಅವಳು ನನ್ನ ಬಳಿ ಬಂದಳು. "ನೀವೇನು ಹೇಳ್ತೀರಿ, ಮಿಸ್?"

ನಿಲ್ಲು ಎಂದರೆ ಅವಳ ಓದು ಹೋಗುತ್ತದೆ. ಮಂಡಿಯೂರು ಎಂದರೆ ಅವಳ ಮಾತು ಹೋಗುತ್ತದೆ. "ನೀನು ಏನು ಮಾಡಿದ್ರೂ ನಾನು ಅದನ್ನ ತಪ್ಪು ಅನ್ನಲ್ಲ" ಎಂದೆ. ಅವಳು ತಲೆಯಾಡಿಸಿ ಸಾಲಿಗೆ ಹೋಗಿ ಸೇರಿಕೊಂಡಳು.

ತಾಯಿ ನರ್ಸಿಂಗ್ ಹೋಮಿನ ನೀಲಿ ಸೀರೆಯಲ್ಲೇ ಬಂದಿದ್ದರು. ಮೊದಲ ಚಿತ್ರದಿಂದ ಐದನೆಯದರವರೆಗೂ ಮಗಳು ನಿಂತೇ ಇದ್ದಳು. ಸಿಸ್ಟರ್ ಪ್ರಾರ್ಥನೆ ಓದಿಸುತ್ತ, ಸಾಲಿನ ಮುಂದೆ ಮಕ್ಕಳ ಕಡೆಗೆ ಮುಖ ಮಾಡಿ ನಡೆಯುತ್ತಿದ್ದರು. ಆರನೆಯ ಚಿತ್ರ ಬಂದಾಗ ಅವರು ಪುಸ್ತಕದಿಂದ ತಲೆ ಎತ್ತಿ ತಾಯಿಯನ್ನು ನೋಡಿದರು. ತಾಯಿ ಮಗಳ ಹೆಗಲ ಮೇಲೆ ಕೈಯಿಟ್ಟರು.

"ಹಾಕು ಮಗಳೇ, ಮಂಡಿ ಹಾಕು" ಎಂದರು ಮೆಲ್ಲಗೆ. "ನಂಗೆ ಡ್ಯೂಟಿ ಇದೆ. ಇನ್ನೊಂದ್ಸಲ ರಜಾ ಕೊಡಲ್ಲ."

ಬೆದರಿಕೆಯಾಗಿದ್ದರೆ ಅವಳು ಎದುರಿಸುತ್ತಿದ್ದಳೇನೋ. ಇದು ಬೆದರಿಕೆಯಾಗಿರಲಿಲ್ಲ. ಹುಡುಗಿ ಮಂಡಿಯೂರಿದಳು. ಆದರೆ ಊರುವ ಮುನ್ನ ಒಂದು ಕೆಲಸ ಮಾಡಿದಳು. ಉಳಿದ ಮಕ್ಕಳೆಲ್ಲ ಗೋಡೆಯ ಚಿತ್ರದ ಕಡೆ ತಿರುಗಿದ್ದರು. ಅವಳು ಚಿತ್ರಕ್ಕೆ ಬೆನ್ನು ಹಾಕಿ, ಸಿಸ್ಟರ್ ಕಡೆಗೆ ತಿರುಗಿ, ಅವರ ಎದುರು ಕೈ ಮುಗಿದು ಮಂಡಿಯೂರಿದಳು.

ಸಿಸ್ಟರ್ ಕೇಳಿದ್ದನ್ನು ಅವಳು ಕೊಟ್ಟಾಗಿತ್ತು. ತಪ್ಪು ಹಿಡಿಯಲು ಏನೂ ಉಳಿದಿರಲಿಲ್ಲ. ಸಿಸ್ಟರ್ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಹುಡುಗಿಯೂ ಮಂಡಿಯ ಮೇಲೆಯೇ ಅಷ್ಟು ತಿರುಗಿದಳು. ಆ ಚಿತ್ರದ ಪ್ರಾರ್ಥನೆಯನ್ನು ಸಿಸ್ಟರ್ ಅರ್ಧಕ್ಕೇ ಮುಗಿಸಿ ಮುಂದಕ್ಕೆ ಹೋದರು. ಏಳನೆಯದರಿಂದ ಹದಿನಾಲ್ಕನೆಯದರವರೆಗೂ ಅವಳು ಹಾಗೆಯೇ ಮಾಡಿದಳು. ಕೊನೆಕೊನೆಗೆ ಸಿಸ್ಟರ್ ಪುಸ್ತಕದಿಂದ ಕಣ್ಣೆತ್ತುವುದನ್ನೇ ಬಿಟ್ಟಿದ್ದರು.

ಯಾವುದು ಪ್ರಾರ್ಥನೆ, ಯಾವುದು ಶಿಕ್ಷೆ ಎಂದು ದೇವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದವಳು, ಕೊನೆಗೆ ತಾನೇ ದೇವರಿಗೆ ತಿಳಿಸಿಕೊಟ್ಟಳು.

ಇದರಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವಳಿಗೆ ಟಿ.ಸಿ. ಕೊಡಲಿಲ್ಲ, ಅದೇ ಶಾಲೆಯಲ್ಲಿ ಎಂಟನೆಯ ತರಗತಿಗೆ ಹೋದಳು. ಈ ವರ್ಷದ ತಪಸ್ಸು ಕಾಲಕ್ಕೆ ನನ್ನನ್ನು ಕರೆಯಲಿಲ್ಲ. ಕರೆಯದಿದ್ದರೂ ಒಂದು ಬೆಳಿಗ್ಗೆ ಹೋಗಿ ಗೇಟಿನ ಸರಳುಗಳ ಆಚೆ ಇಣುಕಿ ನೋಡಿದೆ. ಕಾರಿಡಾರಿನಲ್ಲಿ ಮಕ್ಕಳು ಸಾಲಾಗಿ ಮಂಡಿಯೂರಿದ್ದರು. ಆರನೆಯ ಚಿತ್ರದ ಕೆಳಗೆ ಇದ್ದವಳು ಅವಳಲ್ಲ, ಇನ್ನೂ ಚಿಕ್ಕವಳೊಬ್ಬಳು. ಬ್ಯಾಗು ಬೆನ್ನ ಮೇಲೆಯೇ ಇತ್ತು. ಗೇಟು ಕಾಯುವವರು ಬಂದು "ಯಾರು ಬೇಕಿತ್ತು ಮೇಡಂ?" ಎಂದರು. ಆ ಮಗುವನ್ನು ಎಬ್ಬಿಸಬೇಕಿತ್ತು ಎಂದೆ. "ನೀವೇನು ಅವಳ ಅಮ್ಮನಾ?" ಎಂದರು.

ಅಲ್ಲ. ಆದ್ದರಿಂದಲೇ ಇದನ್ನು ನಿಮಗೆ ಬರೆಯುತ್ತಿದ್ದೇನೆ. ನಾನು ಗೇಟಿನ ಹೊರಗಿನವಳು. ನಿಮ್ಮನ್ನು ಹಾಗೆ ಹೊರಗೆ ನಿಲ್ಲಿಸಲಾರರು. ಶಾಲೆ ಯಾವ ಮತದವರದೇ ಆಗಿರಲಿ, ಮಂಡಿ ಎಲ್ಲ ಮಕ್ಕಳಿಗೂ ಒಂದೇ. ಪೋಷಕರ ಸಭೆಯ ದಿನ ಬೇಡ, ಆ ದಿನ ಕಾರಿಡಾರು ಗುಡಿಸಿ ಚೊಕ್ಕವಾಗಿರುತ್ತದೆ. ನಾಳೆಯೇ, ಬೆಲ್ ಹೊಡೆದು ಸ್ವಲ್ಪ ಹೊತ್ತಾದ ಮೇಲೆ, ನಿಮ್ಮ ಮಗುವಿನ ಶಾಲೆಗೆ ಹೋಗಿ. ಅಲ್ಲಿ ಯಾವ ಮಗುವಾದರೂ ಮಂಡಿಯೂರಿದ್ದರೆ, ಅದು ನಿಮ್ಮದಲ್ಲದಿದ್ದರೂ, ಅದನ್ನು ಎಬ್ಬಿಸಿ ನಿಲ್ಲಿಸಿ; ಮತ್ತೆ ಯಾರನ್ನೂ ಹಾಗೆ ಕೂರಿಸಬೇಡಿ ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿ ಬನ್ನಿ.