ಅಟ್ಟಕ್ಕೆ ಹೋದ ಧಾರೆ ಸೀರೆ

ಕಾಪುವಿನ ನಮ್ಮ ಮನೆ ಕಡಲಿಗೆ ಹತ್ತಿರ. ಮಳೆಗಾಲದ ಉಪ್ಪುಗಾಳಿ ನುಗ್ಗಿದರೆ ಕಪಾಟಿನೊಳಗಿನ ರೇಷ್ಮೆಗೂ ಬೂಷ್ಟು ಹಿಡಿಯುತ್ತಿತ್ತು. ಹಾಗಾಗಿ ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನನ್ನ ಧಾರೆ ಸೀರೆ ಮೇ ತಿಂಗಳಲ್ಲೇ ತಗಡಿನ ಪೆಟ್ಟಿಗೆ ಸೇರಿ, ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗುತ್ತಿತ್ತು. ಅಲ್ಲಿ ನನ್ನ ಗಂಡನ ಅಣ್ಣನ ಹೆಂಡತಿ ಇದ್ದರು. ನಾನು ಅಕ್ಕ ಎನ್ನುತ್ತಿದ್ದೆ. ಅವರ ಅಡುಗೆಮನೆಯ ಮೇಲಿನ ಅಟ್ಟಕ್ಕೆ ದಿನವಿಡೀ ಒಲೆಯ ಬಿಸಿ ತಾಗುತ್ತಿತ್ತು. ನನಗೆ ಗೊತ್ತಿದ್ದ ಒಣ ಜಾಗ ಅದೊಂದೇ.

ಪೆಟ್ಟಿಗೆಗೆ ಬೀಗ ಹಾಕಿ ಕೊಟ್ಟರೆ ಮನೆಯವರನ್ನು ನಂಬಲಿಲ್ಲ ಎಂದಾಗುತ್ತದೆ. ಹಾಕದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅಕ್ಕನ ಮಗಳು ಬೇರೆ ನನ್ನಷ್ಟೇ ಎತ್ತರ ಬೆಳೆದಿದ್ದಳು. ಆ ವರ್ಷ ಒಂದು ಉಪಾಯ ಮಾಡಿದೆ. ಸೀರೆಯ ಮೂರನೆಯ ಮಡಿಕೆಯಲ್ಲಿ ಬಸ್ಸಿನ ಟಿಕೆಟು ಇಟ್ಟೆ. ಯಾರಾದರೂ ಉಟ್ಟರೆ ಬಿದ್ದುಹೋಗಬೇಕು. ಹುಳದ ಮೇಲೂ ನನಗೆ ವಿಶ್ವಾಸವಿಲ್ಲದ್ದರಿಂದ ಮಡಿಕೆ ಮಡಿಕೆಗೂ ನುಸಿಗುಳಿಗೆ ತುರುಕಿದೆ. ಅಕ್ಕನಿಗೆ ಹೇಳಲಿಲ್ಲ.

ನವರಾತ್ರಿ ಕಳೆದು ಪೆಟ್ಟಿಗೆ ತರಲು ಹೋದೆ. ಮುಂದಿನ ತಿಂಗಳು ನನ್ನ ತಂಗಿಯ ಮದುವೆ. ಉಡಲು ಇದ್ದದ್ದು ಅದೊಂದೇ ಒಳ್ಳೆಯ ಸೀರೆ. ಅಲ್ಲೇ ಬಿಡಿಸಿ ನೋಡಿದರೆ ಟಿಕೆಟು ಐದನೆಯ ಮಡಿಕೆಯಲ್ಲಿ. ಜರಿಯ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ.

"ಅಕ್ಕ, ಇದನ್ನು ಯಾರಾದ್ರೂ ಉಟ್ಟಿದ್ರಾ?" ಎಂದು ಕೇಳಿಯೇಬಿಟ್ಟೆ.

ಅಕ್ಕ ತೆಂಗಿನಕಾಯಿ ತುರಿಯುತ್ತಿದ್ದವರು ತಲೆ ಎತ್ತಲಿಲ್ಲ. "ಮಳೆ ಹೊಯ್ಯುವ ಆಟಿ ತಿಂಗಳಲ್ಲಿ ಎಂತ ಮದುವೆ ಉಂಟು ಮಾರಾಯ್ತಿ, ಉಟ್ಕೊಂಡು ಹೋಗ್ಲಿಕ್ಕೆ? ಬಿಸಿಲು ಬಂದ ದಿನ ತೆಗೆದು ಮಡಿಕೆ ಬದಲಿಸಿ ಇಟ್ಟೆ. ಒಂದೇ ಮಡಿಕೆಯಲ್ಲಿ ಬಿಟ್ರೆ ರೇಷ್ಮೆ ಅಲ್ಲೇ ಸೀಳ್ತದೆ. ಪ್ರತಿ ವರ್ಷ ಹಾಗೇ ಮಾಡುವುದು."

"ಮತ್ತೆ ಈ ಕಪ್ಪು?"

"ಅದನ್ನು ಜರಿಗೆ ತಾಗಿಸಿ ಗುಳಿಗೆ ಇಟ್ಟವರ ಹತ್ರ ಕೇಳು. ಹನ್ನೆರಡು ಸಿಕ್ಕಿತು ನಂಗೆ. ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಗೆ ಹಾಕಿದ್ದೇನೆ, ನೋಡು." ಕಾಯಿ ತುರಿಯುತ್ತಲೇ ಸೇರಿಸಿದರು: "ಟಿಕೆಟು ಬಿಸಾಡಲಿಲ್ಲ. ಬೇಕಂತಲೇ ಇಟ್ಟದ್ದು ಅಲ್ವಾ?"

ಅವರು ಕೊಟ್ಟ ಚಹಾ ಕುಡಿದು, ಪೆಟ್ಟಿಗೆ ಎತ್ತಿಕೊಂಡು ಬಂದೆ.

ತಂಗಿಯ ಮದುವೆಯಲ್ಲಿ ಕಪ್ಪಾದ ಅಂಚನ್ನು ನೆರಿಗೆಯೊಳಗೆ ಅಡಗಿಸಿ ಉಟ್ಟು, ದಿನವಿಡೀ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ತಿರುಗಿದೆ. ನೆಂಟರಲ್ಲಿ ಇಬ್ಬರು, ವಿಶೇಷವೇನಾದರೂ ಉಂಟಾ ಎಂದು ವಿಚಾರಿಸಿದರು.

ಮುಂದಿನ ಮೇ ಬಂದಾಗ ನನಗಿದ್ದ ಹೆದರಿಕೆ ಒಂದೇ: ಅಕ್ಕ ಇನ್ನು ಬೇಡ ಎಂದರೆ ಸೀರೆಯೂ ಹೋಯಿತು, ಆ ಮನೆಯ ಬಾಗಿಲೂ ಮುಚ್ಚಿತು. ಕಾರ್ಕಳಕ್ಕೆ ಹೋಗಿ, ಬಾಗಿಲಲ್ಲೇ ನಿಂತು, "ಈ ಸಲವೂ ಇಡಬಹುದಾ ಅಕ್ಕ?" ಎಂದೆ.

"ಇಡು. ಗುಳಿಗೆ ನಾನು ಹಾಕ್ತೇನೆ," ಎಂದರು ಅವರು. ಅಷ್ಟೇ. ಬೈಗುಳವಿಲ್ಲ, ಚುಚ್ಚುಮಾತಿಲ್ಲ, ಊಟಕ್ಕೆ ಪತ್ರೊಡೆ ಬೇರೆ.

ಇಷ್ಟು ಸುಲಭವಾಗಿ ಹೇಗೆ ಒಪ್ಪಿದರು, ಇದರಲ್ಲೇನೋ ಇರಬೇಕು ಎಂದು ಆ ಮಳೆಗಾಲವಿಡೀ ಯೋಚಿಸಿದೆ.